ಪತ್ರಿಕೆಯ ತುಣುಕುಗಳಲ್ಲಿ ಮಲೆನಾಡಿನ ಒಂದು ಶತಮಾನ

ಧರ್ಮಕೇಂದ್ರವೊಂದಕ್ಕೆ ನೂರು ವರ್ಷ ತುಂಬಿದಾಗ ಅದರ ಚರಿತ್ರೆಯನ್ನು ಬರೆಯಲು ಹೊರಟವರು ಮೊದಲು ತೆರೆದು ನೋಡುವುದು ದೇವಾಲಯದ ದಾಖಲೆ ಪುಸ್ತಕಗಳನ್ನು. ಜ್ಞಾನಸ್ನಾನ, ವಿವಾಹ, ಮರಣ ಎಂಬ ಮೂರು ಘಟ್ಟಗಳಲ್ಲಿ ಪ್ರತಿಯೊಬ್ಬ ವಿಶ್ವಾಸಿಯ ಹೆಸರೂ ಅಲ್ಲಿ ಒಂದೊಂದು ಸಾಲಾಗಿ ನಿಂತಿರುತ್ತದೆ. ಟ್ರೆಂಟ್ ಮಹಾಸಭೆಯು 1563ರಲ್ಲಿ ಇಂತಹ ದಾಖಲೆಗಳನ್ನು ಪ್ರತಿ ಧರ್ಮಕೇಂದ್ರದಲ್ಲೂ ಇಡತಕ್ಕದ್ದೆಂದು ವಿಧಿಸಿದ್ದು ಶ್ರೀಸಭೆಗೆ ಮಾತ್ರವಲ್ಲ, ಚರಿತ್ರೆಯ ಅಭ್ಯಾಸಕ್ಕೂ ಆದ ದೊಡ್ಡ ಉಪಕಾರ. ಅರಸರ ಹೆಸರನ್ನು ಶಾಸನಗಳು ಉಳಿಸಿದವು. ಕೂಲಿಯವನ ಹೆಸರನ್ನು ಉಳಿಸಿದ್ದು ಈ ಪುಸ್ತಕಗಳು.

ಆದರೂ ಆ ಒಂದು ಸಾಲು ಹೇಳದ ಸಂಗತಿಗಳು ಅನೇಕ. ಮಗುವಿಗೆ ಜ್ಞಾನಸ್ನಾನವಾದ ವರ್ಷ ಅಕ್ಕಿಯ ಧಾರಣೆ ಎಷ್ಟಿತ್ತು? ಮಳೆಗಾಲದ ಚಳಿಜ್ವರಕ್ಕೆ ತಾಯಿ ಯಾವ ಔಷಧಿಯನ್ನು ಹುಡುಕಿದಳು? ಮದುವೆಯಾದ ಜೋಡಿ ಘಟ್ಟದ ಕೆಳಗಿನ ನೆಂಟರ ಮನೆಗೆ ಯಾವ ವಾಹನದಲ್ಲಿ ಹೋಯಿತು? ಮುಳುಗಿಹೋದ ಊರಿನವರು ಎಲ್ಲಿ ಹೋಗಿ ನೆಲೆಸಿದರು? ಇವುಗಳಿಗೆ ಉತ್ತರ ಬೇಕಾದರೆ ನಾವು ಬೇರೊಂದು ದಾಖಲೆಯ ಕಡೆಗೆ ತಿರುಗಬೇಕಾಗುತ್ತದೆ. ಅದೇ ಹಳೆಯ ವೃತ್ತಪತ್ರಿಕೆಯ ತುಣುಕು ಮತ್ತು ಅದರ ಪಕ್ಕದಲ್ಲೇ ಅಚ್ಚಾದ ಜಾಹೀರಾತು.

ಮನೆಗಳನ್ನು ಆಶೀರ್ವದಿಸಲು ಹೋಗುವ ಗುರುಗಳಿಗೆ ಈ ತುಣುಕುಗಳು ಎಲ್ಲೆಲ್ಲಿ ಅಡಗಿರುತ್ತವೆಂಬುದು ಚೆನ್ನಾಗಿ ಗೊತ್ತು. ಹಳೆಯ ಟ್ರಂಕಿನ ಮುಚ್ಚಳದ ಒಳಮೈಗೆ ಅಂಟಿಸಿದ ಹಾಳೆ, ಯೇಸುವಿನ ಪವಿತ್ರ ಹೃದಯದ ಪಟದ ಹಿಂಬದಿಗೆ ಕಟ್ಟು ಹಾಕುವಾಗ ಸೇರಿಸಿದ ಹಾಳೆ, ಪ್ರಾರ್ಥನೆ ಪುಸ್ತಕದಲ್ಲಿ ಗುರುತಿಗೆಂದು ಇಟ್ಟ ಮರಣ ಪ್ರಕಟಣೆ, ಜಮೀನಿನ ಕಾಗದಗಳ ಗಂಟಿನಲ್ಲಿ ಮಡಚಿಟ್ಟ ನೋಟೀಸು, ಇವೆಲ್ಲ ನಮ್ಮ ಮನೆಗಳಲ್ಲಿಯೇ ಇರುವ ಪತ್ರಾಗಾರಗಳು. ಯಾರೂ ಚರಿತ್ರೆಯನ್ನು ಉಳಿಸಬೇಕೆಂದು ಇವನ್ನು ಇಟ್ಟವರಲ್ಲ. ಬೇಕೆಂದು ಉಳಿಸಿದ್ದಕ್ಕಿಂತ ತಾನಾಗಿ ಉಳಿದದ್ದು ಕೆಲವೊಮ್ಮೆ ಹೆಚ್ಚು ಸತ್ಯವನ್ನು ನುಡಿಯುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಇಪ್ಪತ್ತನೆಯ ಶತಮಾನವನ್ನು ಇಂತಹ ತುಣುಕುಗಳ ಮೂಲಕ ಹೇಗೆ ಓದಬಹುದೆಂಬುದನ್ನು ವಾಚಕ ಬಾಂಧವರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮಲೆನಾಡಿಗೆ ಬಂದ ಪತ್ರಿಕೆಗಳು

ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರು ಸಮಾಚಾರ’ವನ್ನು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರು 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೊರಡಿಸಿದರು. ಪ್ರಾಟೆಸ್ಟೆಂಟ್ ಸೋದರರ ಈ ಸಾಹಸವನ್ನು ಕಥೋಲಿಕರಾದ ನಾವು ಕೃತಜ್ಞತೆಯಿಂದ ನೆನೆಯಬೇಕು. ಮುಂದೆ ಮೈಸೂರಿನಿಂದ ವೆಸ್ಲಿಯನ್ ಮಿಷನ್ನಿನವರು ‘ವೃತ್ತಾಂತ ಪತ್ರಿಕೆ’ಯನ್ನು ಹಲವು ದಶಕಗಳ ಕಾಲ ನಡೆಸಿದರು. ಮಂಗಳೂರಿನ ಯೇಸುಸಭೆಯ ಗುರುಗಳು 1882ರಲ್ಲಿ ಸ್ಥಾಪಿಸಿದ ಕೊಡಿಯಾಲಬೈಲ್ ಮುದ್ರಣಾಲಯದಿಂದ ಧಾರ್ಮಿಕ ಪುಸ್ತಕಗಳು ಹೊರಬರತೊಡಗಿದವು. 1912ರಲ್ಲಿ ಲೂಯಿಸ್ ಮಸ್ಕರೇನ್ಹಸ್ ಅವರು ‘ಕೊಂಕಣಿ ದಿರ್ವೆಂ’ ಎಂಬ ಪತ್ರಿಕೆಯನ್ನು ಆರಂಭಿಸಿದರು. 1938ರಲ್ಲಿ ‘ರಾಕ್ಣೊ’ ವಾರಪತ್ರಿಕೆ ಹುಟ್ಟಿತು. ರಾಕ್ಣೊ ಎಂದರೆ ಕಾಯುವವನು ಎಂದರ್ಥ.

ಮಂಗಳೂರು ಕಡೆಯ ಕೊಂಕಣಿ ಪತ್ರಿಕೆಗಳು ಕನ್ನಡ ಲಿಪಿಯಲ್ಲಿ ಅಚ್ಚಾಗುತ್ತಿದ್ದುದು ಚರಿತ್ರೆಯ ದೃಷ್ಟಿಯಿಂದ ಗಮನಾರ್ಹ. ಮಾತು ಕೊಂಕಣಿ, ಅಕ್ಷರ ಕನ್ನಡ. ತೋಟದ ಕೆಲಸಕ್ಕೋ ವ್ಯಾಪಾರಕ್ಕೋ ಘಟ್ಟ ಹತ್ತಿ ಬಂದ ಕುಟುಂಬಗಳು ಮನೆಯಲ್ಲಿ ರಾಕ್ಣೊ ಓದುತ್ತ, ಪೇಟೆಯಲ್ಲಿ ಕನ್ನಡ ಪತ್ರಿಕೆ ಓದುತ್ತ ಎರಡು ಲೋಕಗಳಲ್ಲಿ ಒಟ್ಟಿಗೆ ಬಾಳಿದವು. ಒಂದೇ ಲಿಪಿಯನ್ನು ಕಲಿತ ಮಗುವಿಗೆ ಎರಡು ಭಾಷೆಗಳ ಬಾಗಿಲು ತೆರೆಯಿತು. ಈ ಕೊಂಕಣಿಗೆ ಸಾಹಿತ್ಯ ಅಕಾಡೆಮಿಯ ಮನ್ನಣೆ ದೊರೆತದ್ದು 1975ರಲ್ಲಿ, ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಸ್ಥಾನ ದೊರೆತದ್ದು 1992ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಅದು ನಮ್ಮ ಮನೆಗಳಲ್ಲಿ ಅಂಚೆಯ ಮೂಲಕ ವಾರವಾರವೂ ಓದಿಗೆ ಬರುತ್ತಿತ್ತು.

ಆ ಕಾಲದ ರಾಜಕೀಯ ಗಡಿಗಳನ್ನೂ ಮರೆಯಬಾರದು. ಈ ಮೂರು ತಾಲ್ಲೂಕುಗಳು ಮೈಸೂರು ಮಹಾರಾಜರ ಸಂಸ್ಥಾನಕ್ಕೆ ಸೇರಿದ್ದವು. ಆಗುಂಬೆಯ ಘಟ್ಟ ಇಳಿದರೆ ಮದ್ರಾಸ್ ಪ್ರಾಂತ್ಯ; ಸಾಗರದಿಂದ ಬಡಗಣಕ್ಕೆ ನಡೆದು ಸಿದ್ದಾಪುರ ತಲುಪಿದರೆ ಮುಂಬಯಿ ಪ್ರಾಂತ್ಯ. ಮೈಸೂರು ಸಂಸ್ಥಾನದಲ್ಲಿ 1908ರಲ್ಲಿ ಪತ್ರಿಕೆಗಳನ್ನು ಹತೋಟಿಯಲ್ಲಿಡುವ ಕಾಯಿದೆ ಬಂದಿತು. ‘ತಾತಯ್ಯ’ ಎಂದು ಜನರು ಪ್ರೀತಿಯಿಂದ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಆದುದರಿಂದ ಒಂದೇ ಸುದ್ದಿ ಘಟ್ಟದ ಮೇಲೆ ಒಂದು ಬಗೆಯಾಗಿ, ಘಟ್ಟದ ಕೆಳಗೆ ಇನ್ನೊಂದು ಬಗೆಯಾಗಿ ಅಚ್ಚಾಗುವ ಸಂಭವವಿತ್ತು. ಮುಂದೆ ಪಿ. ಆರ್. ರಾಮಯ್ಯನವರ ‘ತಾಯಿನಾಡು’, 1948ರ ಅಕ್ಟೋಬರ್ 15ರಂದು ಆರಂಭವಾದ ‘ಪ್ರಜಾವಾಣಿ’, 1970ರಲ್ಲಿ ಮಣಿಪಾಲದಿಂದ ಹೊರಟ ‘ಉದಯವಾಣಿ’ ಮುಂತಾದವು ಓದುವ ಬಳಗವನ್ನು ವಿಸ್ತರಿಸಿದವು.

ತಾರೀಖಿಲ್ಲದ ತುಣುಕಿನ ಕಾಲ ನಿರ್ಣಯ

ಕತ್ತರಿಸಿಟ್ಟ ತುಣುಕಿನಲ್ಲಿ ಪತ್ರಿಕೆಯ ಹೆಸರಾಗಲಿ ತಾರೀಖಾಗಲಿ ಇರುವುದು ಅಪರೂಪ. ಕತ್ತರಿ ಹಿಡಿದವರಿಗೆ ಬೇಕಾಗಿದ್ದುದು ಸುದ್ದಿ ಮಾತ್ರ. ಆದರೆ ಜಾಹೀರಾತಿನ ಸಣ್ಣ ಅಕ್ಷರಗಳಲ್ಲಿ ಕಾಲದ ಗುರುತು ಅಡಗಿರುತ್ತದೆ. ಬೆಲೆಯನ್ನು ರೂಪಾಯಿ, ಆಣೆ, ಪೈಗಳಲ್ಲಿ ಹೇಳಿದ್ದರೆ ಅದು 1957ರ ಏಪ್ರಿಲ್ 1ಕ್ಕಿಂತ ಹಿಂದಿನದೆಂದು ಬಹುಮಟ್ಟಿಗೆ ಊಹಿಸಬಹುದು. ದಶಮಾಂಶ ನಾಣ್ಯ ಬಂದದ್ದು ಅಂದು. ‘ನಯೆ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದು, ಏಕೆಂದರೆ 1964ರಲ್ಲಿ ‘ನಯೆ’ ಎಂಬ ವಿಶೇಷಣವನ್ನು ಕೈಬಿಡಲಾಯಿತು. ಸೇರು, ಮಣಗಳ ಲೆಕ್ಕವಿದ್ದರೆ ಅದು ಕಿಲೋಗ್ರಾಮ್ ರೂಢಿಗೆ ಬರುವ ಮುಂಚಿನ ಕಾಲ; ಮೆಟ್ರಿಕ್ ಪದ್ಧತಿ 1958ರಿಂದ ಹಂತಹಂತವಾಗಿ ಜಾರಿಗೆ ಬಂದಿತು. ಹಳ್ಳಿಯ ಬಾಯಿಮಾತಿನಲ್ಲಿ ಸೇರು ಇನ್ನೂ ಬಹುಕಾಲ ಉಳಿಯಿತೆಂಬುದು ಬೇರೆ ಮಾತು.

ವಿಳಾಸದಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕೆ ಮೊದಲು. ಆ ದಿನ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಆರು ಅಂಕೆಗಳ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ‘ಶಿವಮೊಗ್ಗ’ ಎಂಬುದು ಕನ್ನಡದಲ್ಲಿ ಮೊದಲಿನಿಂದ ಇದ್ದರೂ ಇಂಗ್ಲಿಷ್ ಅಕ್ಷರಗಳಲ್ಲಿ ‘ಶಿಮೊಗ’ ಎಂದೇ ಬರೆಯುತ್ತಿದ್ದರು. 2014ರ ನವೆಂಬರ್ 1ರಿಂದ ಅದು ಬದಲಾಯಿತು. ಹೊಸನಗರವನ್ನು ಕಲ್ಲೂರುಕಟ್ಟೆಯೆಂದು ಹೆಸರಿಸಿದ ಕಾಗದವೇನಾದರೂ ದೊರೆತರೆ ಅದು ಬಹಳ ಹಳೆಯದೆಂದು ತಿಳಿದು ಜೋಪಾನ ಮಾಡಬೇಕು. ಹೀಗೆ ಒಂದು ಸಾಬೂನಿನ ಜಾಹೀರಾತು, ಬೆನ್ನಿಗಿರುವ ಸುದ್ದಿಯ ವಯಸ್ಸನ್ನು ಹೇಳಬಲ್ಲ ಸಾಕ್ಷಿಯಾಗುತ್ತದೆ. ತುಣುಕನ್ನು ತಿರುಗಿಸಿ ಹಿಂಬದಿಯನ್ನೂ ಓದುವುದು ಈ ಅಭ್ಯಾಸದ ಮೊದಲನೆಯ ಪಾಠ.

ಜಾಹೀರಾತು ಹೇಳುವ ಬದುಕು

ಸುದ್ದಿಯು ಅಸಾಮಾನ್ಯವಾದುದನ್ನು ಹೇಳುತ್ತದೆ. ಜಾಹೀರಾತು ದಿನನಿತ್ಯದ್ದನ್ನು ಹೇಳುತ್ತದೆ. ಮಲೇರಿಯಾ ಜ್ವರದಿಂದ ನಲುಗಿದ್ದ ಮಲೆನಾಡಿನ ಮನೆಗಳಿಗೆ ಔಷಧಿಯ ಜಾಹೀರಾತು ಅಲಂಕಾರವಾಗಿರಲಿಲ್ಲ, ಆಸೆಯ ಎಳೆಯಾಗಿತ್ತು. ನೋವಿನ ಮುಲಾಮು ‘ಅಮೃತಾಂಜನ’ವನ್ನು 1893ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಕಾಶೀನಾಥುನಿ ನಾಗೇಶ್ವರ ರಾಯರು ಅದರಿಂದ ಬಂದ ಸಂಪತ್ತಿನಿಂದ 1908ರಲ್ಲಿ ‘ಆಂಧ್ರ ಪತ್ರಿಕೆ’ಯನ್ನು ಸ್ಥಾಪಿಸಿದರು. ಮುಲಾಮಿನ ಹಣವೇ ಒಂದು ಪತ್ರಿಕೆಯನ್ನು ಹುಟ್ಟಿಸಿದ ಈ ಪ್ರಸಂಗವು ಜಾಹೀರಾತಿಗೂ ಪತ್ರಿಕೆಗೂ ಇರುವ ನಂಟನ್ನು ತೋರಿಸುತ್ತದೆ. ನಮ್ಮ ನಾಡಿನಲ್ಲೇ ಬಿ. ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಮನೆಮನೆಯ ಮಾತಾಯಿತು. ಆದರೆ ಎಲ್ಲ ಔಷಧಿಗಳೂ ಇಂಥವಾಗಿರಲಿಲ್ಲ. ಒಂದೇ ಶೀಶೆಯಿಂದ ಹತ್ತಾರು ರೋಗಗಳು ಮಾಯವಾಗುವುವೆಂದು ಆಣೆಯಿಟ್ಟು ಹೇಳುವ ಜಾಹೀರಾತುಗಳು ಎಷ್ಟು ಹೆಚ್ಚಿದವೆಂದರೆ 1954ರಲ್ಲಿ ಅವನ್ನು ತಡೆಯಲು ಸಂಸತ್ತು ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು.

ಮೈಸೂರು ಸ್ಯಾಂಡಲ್ ಸಾಬೂನಿನ ಚಿತ್ರವನ್ನು ತೆಗೆದುಕೊಳ್ಳಿ. ಮಲೆನಾಡಿನ ಕಾಡುಗಳ ಶ್ರೀಗಂಧ ಮೊದಲು ವಿದೇಶಕ್ಕೆ, ಮುಖ್ಯವಾಗಿ ಜರ್ಮನಿಗೆ ಹೋಗುತ್ತಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಗಿ ಆ ಮಾರುಕಟ್ಟೆ ಮುಚ್ಚಿಹೋದಾಗ ಕೊರಡುಗಳು ಸಂಸ್ಥಾನದಲ್ಲಿಯೇ ಉಳಿದವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಮುಂದಾಲೋಚನೆಯಿಂದ ಗಂಧದೆಣ್ಣೆಯ ಕಾರ್ಖಾನೆಯೂ, 1918ರ ಹೊತ್ತಿಗೆ ಸಾಬೂನಿನ ತಯಾರಿಕೆಯೂ ಆರಂಭವಾದವು. ರಸಾಯನಶಾಸ್ತ್ರಜ್ಞ ಎಸ್. ಜಿ. ಶಾಸ್ತ್ರಿಗಳು ಅದರ ಹಿಂದಿನ ಶಕ್ತಿ. 1944ರಲ್ಲಿ ಶಿವಮೊಗ್ಗದಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆ ತೆರೆಯಿತು. ಯೂರೋಪಿನ ಯುದ್ಧವೊಂದು ನಮ್ಮ ಸ್ನಾನದ ಮನೆಯ ಗೂಡಿನವರೆಗೆ ಹೇಗೆ ಬಂದು ತಲುಪಿತೆಂಬುದನ್ನು ಆ ಸಣ್ಣ ಚಿತ್ರ ಹೇಳುತ್ತದೆ.

ಸಾಬೂನಿನ ಮಾತು ಬಂದಾಗ ಇನ್ನೊಂದು ಸಂಗತಿ. 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ಚಿತ್ರನಟಿ ಲೀಲಾ ಚಿಟ್ನಿಸ್. ಆಕೆ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಅಲ್ಲಿಯವರೆಗೆ ಬಿಳಿಯ ಹೆಂಗಸರ ಚಿತ್ರಗಳನ್ನೇ ತೋರಿಸಿ ಮಾರುತ್ತಿದ್ದ ವಸ್ತುವಿಗೆ ಈ ನೆಲದ ಮುಖವೊಂದು ಬೇಕೆನಿಸಿತು. ಸ್ವಾತಂತ್ರ್ಯ ಇನ್ನೂ ಆರು ವರ್ಷ ದೂರವಿತ್ತು.

ಮಂಗಳೂರು ಹೆಂಚಿನ ಜಾಹೀರಾತುಗಳೂ ನಮಗೆ ಆಪ್ತವಾದವು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮವನ್ನು ಆಲ್ಬುಕರ್ಕ್ ಮನೆತನದಂತಹ ಕಥೋಲಿಕ ಉದ್ಯಮಿಗಳು ಮುಂದುವರಿಸಿದರು. ಹುಲ್ಲಿನ ಮಾಡು ಹೋಗಿ ಹೆಂಚಿನ ಮಾಡು ಬಂದದ್ದು, ಮಲೆನಾಡಿನಂತಹ ಮಳೆಯ ಸೀಮೆಯಲ್ಲಿ, ಒಂದು ಕುಟುಂಬ ಬೇರೂರಿತೆಂಬುದರ ಗುರುತು. ಹೆಂಚಿನ ಒಳಮೈಯಲ್ಲಿ ಒತ್ತಿದ ಕಾರ್ಖಾನೆಯ ಹೆಸರು ಕೂಡ ಒಂದು ಜಾಹೀರಾತೇ. ಕಾಗದ ಅಳಿದರೂ ಅದು ಉಳಿದಿದೆ. ಹಳೆಯ ಮಾಡನ್ನು ಇಳಿಸುವವರು ಒಂದು ಹೆಂಚನ್ನಾದರೂ ಎತ್ತಿಡಬೇಕು.

ಬ್ಯಾಂಕುಗಳ ಪ್ರಕಟಣೆಗಳು ಉಳಿತಾಯದ ಚರಿತ್ರೆಯನ್ನು ಹೇಳುತ್ತವೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯನ್ನು ಬ್ಯಾಂಕಿನ ಪ್ರತಿನಿಧಿಯೇ ಮನೆಬಾಗಿಲಿಗೆ ಬಂದು ಸಂಗ್ರಹಿಸುವ ಏರ್ಪಾಡು ಅದು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದ ಸಣ್ಣ ವ್ಯಾಪಾರಿ, ಹೊಲಿಗೆಯ ಹೆಂಗಸು, ಹೋಟೆಲ್ ಕೆಲಸಗಾರ ಇವರೆಲ್ಲ ಉಳಿತಾಯ ಕಲಿತದ್ದು ಹೀಗೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಆ ಸಂಸ್ಥೆ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಮೈಸೂರು ಬ್ಯಾಂಕಿನ ಹೆಸರೂ 2017ರಲ್ಲಿ ಕಾಣೆಯಾಯಿತು. ಹಳೆಯ ಪಾಸ್ ಪುಸ್ತಕ, ಹಳೆಯ ಪ್ರಕಟಣೆಗಳಲ್ಲಿ ಮಾತ್ರ ಆ ಹೆಸರುಗಳು ಇನ್ನು ದೊರೆಯುತ್ತವೆ.

ಅಡಿಕೆ ಧಾರಣೆಯ ಅಂಕಣವನ್ನು ಓದದೆ ಮಲೆನಾಡಿನ ಬದುಕು ತಿಳಿಯದು. ಸರಕು, ಬೆಟ್ಟೆ, ರಾಶಿ, ಗೊರಬಲು. ಸಾಗರದ ಪೇಟೆಯಲ್ಲಿ ಚಾಲಿ, ಕೋಕ, ಕೆಂಪುಗೋಟು. ಈ ಕೆಲವು ಪದಗಳ ಮುಂದಿನ ಅಂಕೆಗಳ ಮೇಲೆಯೇ ಮನೆಯ ಮದುವೆ, ಮಕ್ಕಳ ಓದು, ದೇವಾಲಯದ ಹಬ್ಬದ ವಂತಿಗೆ ಎಲ್ಲವೂ ನಿಂತಿದ್ದವು. ಮಧ್ಯವರ್ತಿಗಳ ಕೈಯಿಂದ ಬೆಳೆಗಾರನನ್ನು ಬಿಡಿಸಲು 1939ರಲ್ಲಿ ಶಿವಮೊಗ್ಗದಲ್ಲಿ ಮ್ಯಾಮ್ಕೋಸ್ ಸಹಕಾರ ಸಂಘವೂ, 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಸಂಸ್ಥೆಯೂ ಸ್ಥಾಪಿತವಾದವು. ಒಂದು ಮನೆಯ ಲೆಕ್ಕದ ಪುಸ್ತಕವನ್ನೂ ಅದೇ ವರ್ಷದ ಧಾರಣೆಯ ತುಣುಕನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಆ ಕುಟುಂಬದ ಸುಖದುಃಖ ಕಣ್ಣಿಗೆ ಕಟ್ಟುತ್ತದೆ.

ಸುದ್ದಿಯ ತುಣುಕುಗಳು

1927ರ ಆಗಸ್ಟ್ ತಿಂಗಳಲ್ಲಿ ಮಹಾತ್ಮಾ ಗಾಂಧಿಯವರು ಮೈಸೂರು ಸಂಸ್ಥಾನದ ಪ್ರವಾಸದಲ್ಲಿದ್ದಾಗ ಸಾಗರಕ್ಕೂ ಬಂದರು. ಜೊತೆಯಲ್ಲಿದ್ದವರು ಸಮೀಪದ ಜೋಗದ ಜಲಪಾತವನ್ನು ನೋಡಲು ಹೊರಟರು, ಗಾಂಧೀಜಿ ಹೋಗಲಿಲ್ಲ. ಜಲಪಾತದ ಎತ್ತರವನ್ನು ವರ್ಣಿಸಿ ಕಾಕಾ ಕಾಲೇಲ್ಕರರು ಒತ್ತಾಯಿಸಿದಾಗ, ಆಕಾಶದಿಂದ ಬೀಳುವ ಮಳೆಯ ಎತ್ತರ ಅದಕ್ಕಿಂತ ಹೆಚ್ಚಲ್ಲವೇ ಎಂಬರ್ಥದ ಮಾತನ್ನಾಡಿ ಅವರು ತಮ್ಮ ಕೆಲಸದಲ್ಲಿ ಮಗ್ನರಾದರೆಂದು ಕಾಲೇಲ್ಕರರೇ ದಾಖಲಿಸಿದ್ದಾರೆ. ಜೋಗದಲ್ಲಿ 1939ರಲ್ಲಿ ಕೈಗೊಂಡ ವಿದ್ಯುತ್ ಯೋಜನೆಗೆ ಕೃಷ್ಣರಾಜೇಂದ್ರರ ಹೆಸರಿತ್ತು. ಹಿರೇಭಾಸ್ಕರ ಅಣೆಕಟ್ಟಿನ ನೀರಿನಿಂದ 1948ರಲ್ಲಿ ವಿದ್ಯುತ್ತು ಹರಿಯಿತು. ತರುವಾಯ ಆ ಕೇಂದ್ರಕ್ಕೆ ಮಹಾತ್ಮಾ ಗಾಂಧಿಯವರ ಹೆಸರಾಯಿತು. ಜಲಪಾತವನ್ನು ನೋಡದೆ ಹಿಂದಿರುಗಿದವರ ಹೆಸರೇ ಅದರ ಬೆಳಕಿಗೆ ಬಂದಿತು. ಇಂತಹ ಕೂಡುಗೆರೆಗಳು ಕಾಣುವುದು ಎರಡು ತುಣುಕುಗಳನ್ನು ಒಂದರ ಪಕ್ಕ ಒಂದು ಇಟ್ಟಾಗ ಮಾತ್ರ.

1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಬಂದ ರೈಲು 1940ರ ಹೊತ್ತಿಗೆ ಸಾಗರವನ್ನು ದಾಟಿ ತಾಳಗುಪ್ಪ ತಲುಪಿತು. ಅದೇ ರೈಲು ನಿಲ್ದಾಣವು 1951ರಲ್ಲಿ ದೇಶದ ಪತ್ರಿಕೆಗಳ ಮುಖಪುಟಕ್ಕೆ ಬಂದಿತು. ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು, ಎಚ್. ಗಣಪತಿಯಪ್ಪನವರ ಸಂಘಟನೆಯಲ್ಲಿ, ಗೇಣಿ ಅಳೆಯುವ ಕೊಳಗದ ಅನ್ಯಾಯವನ್ನು ಪ್ರಶ್ನಿಸಿ ಅದೇ ವರ್ಷದ ಏಪ್ರಿಲಿನಲ್ಲಿ ಸತ್ಯಾಗ್ರಹ ಹೂಡಿದ್ದರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರು ಬಂದು ಭಾಗವಹಿಸಿ ಸಾಗರದ ನಿಲ್ದಾಣದಲ್ಲಿ ಬಂಧಿತರಾದರು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಆ ಹೋರಾಟದಿಂದ ಬೆಳೆದು 1952ರ ಮೊದಲ ಚುನಾವಣೆಯಲ್ಲಿ ಸಾಗರ ಹೊಸನಗರ ಕ್ಷೇತ್ರದಿಂದ ಶಾಸನಸಭೆಗೆ ಹೋದರು. ಉಳುವವನೇ ಹೊಲದೊಡೆಯ ಎಂಬ ತತ್ತ್ವವು ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಕಾನೂನಾಗುವುದನ್ನು ಕಾಣಲು ಗೋಪಾಲಗೌಡರು ಉಳಿದಿರಲಿಲ್ಲ. ಅವರು 1972ರಲ್ಲಿ ತೀರಿಕೊಂಡಿದ್ದರು. ಅಳತೆಯಲ್ಲಿ ಮೋಸ ಸಲ್ಲದೆಂದು ಹಳೆಯ ಒಡಂಬಡಿಕೆಯ ಪ್ರವಾದಿಗಳು ಗದರಿಸಿದ್ದನ್ನು ಬಲ್ಲ ನಮಗೆ ಕೊಳಗದ ಈ ಜಗಳ ಬರಿಯ ರಾಜಕೀಯವೆಂದು ತೋರಲಾರದು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಹಿಂದೆಯೇ ಜನರಿಗೂ ಜ್ವರ ಬಂದಿತು. ಪುಣೆಯ ಸಂಶೋಧಕರು ಹೊಸ ವೈರಾಣುವನ್ನು ಗುರುತಿಸಿದರು. ಉಣುಗುಗಳು ಅದನ್ನು ಹರಡುತ್ತವೆಂದು ತಿಳಿಯಿತು. ಆ ಕಾಡಿನ ಹೆಸರು ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿತು. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಅದೇ ಜ್ವರದಿಂದ ತತ್ತರಿಸಿತು. ಅರುವತ್ತು ವರ್ಷಗಳ ಅಂತರದ ಎರಡು ತುಣುಕುಗಳನ್ನು ಜೋಡಿಸಿದವರಿಗೆ, ದೇಹದಲ್ಲಿ ಕಾಡಿನ ಅಂಚಿಗೆ ಹತ್ತಿರವಾಗಿರುವ ಬಡವರ ಪಾಡು ಎಷ್ಟು ನಿಧಾನವಾಗಿ ಬದಲಾಗುತ್ತದೆಂಬುದು ಅರಿವಾಗುತ್ತದೆ.

1964ರ ಡಿಸೆಂಬರ್ ತಿಂಗಳ ಮೊದಲ ವಾರದಲ್ಲಿ ಜಗದ್ಗುರು ಆರನೆಯ ಪೌಲರು ಪರಮಪ್ರಸಾದದ ಮಹಾಸಮ್ಮೇಳನಕ್ಕಾಗಿ ಮುಂಬಯಿಗೆ ಬಂದರು. 1965ರ ಜನವರಿಯಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಗಳು ಶರಾವತಿ ವಿದ್ಯುತ್ ಯೋಜನೆಯನ್ನು ರಾಷ್ಟ್ರಕ್ಕೆ ಅರ್ಪಿಸಿದರು. ಒಂದೆರಡು ತಿಂಗಳೊಳಗಿನ ಈ ಎರಡು ಸುದ್ದಿಗಳ ಚಿತ್ರಗಳನ್ನು ಒಂದೇ ಮನೆಯಲ್ಲಿ ಕತ್ತರಿಸಿ ಇಟ್ಟುಕೊಂಡಿದ್ದರೆ ಆಶ್ಚರ್ಯವಿಲ್ಲ. ಒಂದು ವಿಶ್ವಾಸದ ಹಬ್ಬ, ಇನ್ನೊಂದು ನಾಡಿನ ಹಬ್ಬ. 1986ರ ಫೆಬ್ರವರಿ 6ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಮಂಗಳೂರಿಗೆ ಬಂದ ದಿನದ ಪತ್ರಿಕೆಗಳೂ, 1988ರ ನವೆಂಬರ್ 14ರಂದು ಚಿಕ್ಕಮಗಳೂರು ಧರ್ಮಕ್ಷೇತ್ರದಿಂದ ಶಿವಮೊಗ್ಗ ಧರ್ಮಕ್ಷೇತ್ರವು ಪ್ರತ್ಯೇಕವಾದ ಸುದ್ದಿಯೂ ನಮ್ಮ ಕಪಾಟುಗಳಲ್ಲಿ ಇರತಕ್ಕವು.

ತುಣುಕು ಹೇಳದೆ ಬಿಟ್ಟದ್ದು

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಚ್ಚಾದದ್ದೆಲ್ಲ ಪೂರ್ಣ ಸತ್ಯವಲ್ಲ. ಅಚ್ಚಾಗದೆ ಉಳಿದದ್ದು ಸುಳ್ಳೂ ಅಲ್ಲ. ಶರಾವತಿ ನದಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಸೀಮೆಯಲ್ಲಿ ಹರಿದು, ಸಾಗರ ತಾಲ್ಲೂಕಿನಲ್ಲಿ ಧುಮುಕುತ್ತದೆ. ಈ ಮೂರು ತಾಲ್ಲೂಕುಗಳನ್ನು ಪೋಣಿಸುವ ದಾರವೇ ಅದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣವಾದಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ನೀರಿನಡಿ ಸೇರಿದವು. ಹಿರೇಭಾಸ್ಕರ ಅಣೆಕಟ್ಟು ಕೂಡ ಮುಳುಗಿತು. ನೀರು ಬಹಳ ಇಳಿದ ಬೇಸಿಗೆಗಳಲ್ಲಿ ಅದು ಇಂದಿಗೂ ತಲೆಯೆತ್ತಿ ಕಾಣಿಸುತ್ತದೆ. ಆ ಕಾಲದ ಪ್ರಕಟಣೆಗಳಲ್ಲಿ ಯಂತ್ರಗಳ ಚಿತ್ರವಿದೆ, ಸಿಮೆಂಟಿನ ಜಾಹೀರಾತಿದೆ, ಗಣ್ಯರ ಶುಭಾಶಯವಿದೆ. ಗಾಡಿಯಲ್ಲಿ ಪಾತ್ರೆಪಗಡಿ ಹೇರಿಕೊಂಡು ಹೊರಟ ಕುಟುಂಬಕ್ಕೆ ಆ ಪುಟದಲ್ಲಿ ಜಾಗ ಸಿಕ್ಕಿದ್ದು ವಿರಳ. ಅವರ ಹೆಸರು ಬಂದದ್ದು ಭೂಸ್ವಾಧೀನದ ನೋಟೀಸಿನಲ್ಲಿ, ಸರ್ವೆ ನಂಬರಿನ ಪಕ್ಕದಲ್ಲಿ.

ಆ ನೋಟೀಸೇ ಈಗ ಅಮೂಲ್ಯ. ಮುಳುಗಡೆಯಾದವರು ಹೋಗಿ ನೆಲೆಸಿದ ಭೂಮಿಯ ಹಕ್ಕಿನ ಪ್ರಶ್ನೆ ಆರು ದಶಕಗಳ ನಂತರವೂ ಪೂರ್ತಿಯಾಗಿ ಬಗೆಹರಿದಿಲ್ಲ. ಇಂತಹ ಊರಿನಲ್ಲಿ ಇಂತಹವರು ಬಾಳಿದ್ದರೆಂದು ಸಾಧಿಸಬೇಕಾದಾಗ ಹಳೆಯ ನೋಟೀಸು, ಕಂದಾಯದ ರಸೀದಿ, ಜ್ಞಾನಸ್ನಾನದ ಪುಸ್ತಕದಲ್ಲಿನ ಊರಿನ ಹೆಸರು ಇವುಗಳ ಬೆಲೆ ತಿಳಿಯುತ್ತದೆ. ಹಿನ್ನೀರಿನ ಆಚೆ ದ್ವೀಪದಂತಾಗಿ, ಲಾಂಚನ್ನೇ ನಂಬಿ ಬಾಳಿದ ತುಮರಿ ಕಡೆಯ ಜನರಿಗೆ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. 1965ರ ಸಮಾರಂಭದ ತುಣುಕನ್ನೂ 2025ರ ಸೇತುವೆಯ ತುಣುಕನ್ನೂ ಒಂದೇ ಹಾಳೆಯ ಮೇಲೆ ಅಂಟಿಸಿದರೆ ನಡುವಿನ ಅರುವತ್ತು ವರ್ಷಗಳ ಕಾಯುವಿಕೆಯೇ ಆ ಹಾಳೆಯ ನಿಜವಾದ ಸುದ್ದಿ.

ಜಾಹೀರಾತು ಕೊಳ್ಳಬಲ್ಲವರನ್ನು ಮಾತ್ರ ಮಾತನಾಡಿಸುತ್ತದೆ. ಅಂದಿನ ಮಲೆನಾಡಿನ ಬಹುಜನ ಕೊಳ್ಳಬಲ್ಲವರಾಗಿರಲಿಲ್ಲ. 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗಿನ ತುರ್ತು ಪರಿಸ್ಥಿತಿಯಲ್ಲಿ ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು; ಕೆಲವು ಪತ್ರಿಕೆಗಳು ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟೇ ತಮ್ಮ ಮಾತನ್ನು ಹೇಳಿದವು. ಶಿವಮೊಗ್ಗ ಸೀಮೆಯವರೇ ಆದ ಪಿ. ಲಂಕೇಶರು 1980ರಲ್ಲಿ ಆರಂಭಿಸಿದ ತಮ್ಮ ಪತ್ರಿಕೆಯನ್ನು ಜಾಹೀರಾತುಗಳಿಲ್ಲದೆಯೇ ನಡೆಸಿದರು. ಅವರ ಎಲ್ಲ ಅಭಿಪ್ರಾಯಗಳನ್ನು ಒಪ್ಪದವರೂ, ಹಣ ಕೊಟ್ಟವನ ಋಣದಲ್ಲಿರಬಾರದೆಂಬ ಆ ನಿಲುವನ್ನು ಗೌರವಿಸಬಹುದು. ಆದುದರಿಂದ ಪ್ರತಿ ತುಣುಕಿಗೂ ಮೂರು ಪ್ರಶ್ನೆಗಳನ್ನು ಕೇಳಬೇಕು: ಇದನ್ನು ಬರೆಯಿಸಿದವರು ಯಾರು, ಯಾರಿಗಾಗಿ ಬರೆದರು, ಯಾರ ಮಾತು ಇಲ್ಲಿ ಇಲ್ಲ? ಗುರುಮಠದಲ್ಲಿ ಶ್ರೀಸಭೆಯ ಚರಿತ್ರೆಯನ್ನು ಕಲಿಯುವಾಗ ನಮಗೆ ಹೇಳಿಕೊಟ್ಟ ಪಾಠವೂ ಇದೇ ಆಗಿತ್ತು.

ಕಾಗದದ ಆಯುಷ್ಯ

ಪತ್ರಿಕೆಯ ಕಾಗದಕ್ಕೂ ನಮ್ಮ ಜಿಲ್ಲೆಗೂ ಹತ್ತಿರದ ನಂಟಿದೆ. 1936ರಲ್ಲಿ ಭದ್ರಾವತಿಯಲ್ಲಿ ಸ್ಥಾಪಿತವಾದ ಮೈಸೂರು ಕಾಗದ ಕಾರ್ಖಾನೆಗೆ ಮಲೆನಾಡಿನ ಬಿದಿರು ಹೋಗುತ್ತಿತ್ತು; 1980ರ ದಶಕದಲ್ಲಿ ಅಲ್ಲಿ ವೃತ್ತಪತ್ರಿಕೆಯ ಕಾಗದವೂ ತಯಾರಾಗತೊಡಗಿತು. ನಮ್ಮ ಕಾಡು ಕಾಗದವಾಗಿ, ಸುದ್ದಿ ಹೊತ್ತು ನಮ್ಮ ಮನೆಗೇ ಮರಳಿತು. ಆ ಕಾರ್ಖಾನೆಯ ಯಂತ್ರಗಳು ಈಚಿನ ವರ್ಷಗಳಲ್ಲಿ ನಿಂತಿವೆ.

ವೃತ್ತಪತ್ರಿಕೆಯ ಕಾಗದ ಅಲ್ಪಾಯುಷಿ. ಮರದ ತಿರುಳಿನಲ್ಲಿರುವ ಲಿಗ್ನಿನ್ ಎಂಬ ಅಂಶ ಅದರಲ್ಲಿ ಉಳಿದಿರುವುದರಿಂದ ಗಾಳಿ ಬೆಳಕುಗಳಿಗೆ ಅದು ಹಳದಿಯಾಗಿ, ಕೊನೆಗೆ ಪುಡಿಯಾಗುತ್ತದೆ. ನಮ್ಮ ಮಳೆಗಾಲದ ಶೀತ, ಗೆದ್ದಲು, ಬೆಳ್ಳಿಹುಳು ಇವು ಉಳಿದ ಕೆಲಸ ಮುಗಿಸುತ್ತವೆ. ಆದುದರಿಂದ ತುಣುಕುಗಳಿದ್ದವರು ಕೆಲವು ನಿಯಮಗಳನ್ನು ಪಾಲಿಸುವುದು ಒಳ್ಳೆಯದು. ಅಂಟುಪಟ್ಟಿ ಹಚ್ಚಬಾರದು, ಲ್ಯಾಮಿನೇಷನ್ ಮಾಡಿಸಬಾರದು. ಮಡಿಕೆ ಬಿಡಿಸಿ, ಒಣಗಿದ ಜಾಗದಲ್ಲಿ, ಆಮ್ಲರಹಿತವಾದ ಒಳ್ಳೆಯ ಕಾಗದಗಳ ನಡುವೆ ಚಪ್ಪಟೆಯಾಗಿ ಇಡಬೇಕು. ಪತ್ರಿಕೆಯ ಹೆಸರು, ತಾರೀಖು ತಿಳಿದಿದ್ದರೆ ಬೇರೆ ಚೀಟಿಯಲ್ಲಿ ಸೀಸದ ಕಡ್ಡಿಯಿಂದ ಬರೆದು ಜೊತೆಗಿಡಬೇಕು. ಎರಡೂ ಬದಿಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡರೆ ಕಾಗದ ಹೋದರೂ ಮಾತು ಉಳಿಯುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾದುದೊಂದಿದೆ. ತುಣುಕಿನಲ್ಲಿರುವ ಮುಖ ಯಾರದು, ಆ ನೋಟೀಸಿನ ಜಮೀನು ಎಲ್ಲಿತ್ತು ಎಂಬುದನ್ನು ಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಮನೆ ಒಡೆದು ಕಟ್ಟುವಾಗ ಹಳೆಯ ಟ್ರಂಕು ಗುಜರಿಗೆ ಹೋಗುತ್ತದೆ. ಕಾಗದ ರದ್ದಿಯವನ ತಕ್ಕಡಿ ಸೇರುತ್ತದೆ. ಕಿಲೋಗೆ ಕೆಲವು ರೂಪಾಯಿ ಕೈಗೆ ಬರುತ್ತದೆ. ಅಜ್ಜನ ಊರು ಎಂದೆಂದಿಗೂ ಕೈಬಿಟ್ಟುಹೋಗುತ್ತದೆ. ನಮ್ಮ ಯುವಜನರು ಈ ಶತಮಾನೋತ್ಸವದ ವರ್ಷದಲ್ಲಿ ಮನೆಯ ಹಿರಿಯರ ಬಳಿ ಒಂದು ಸಂಜೆ ಕುಳಿತು, ಟ್ರಂಕನ್ನು ತೆರೆದು, ಒಂದೊಂದೇ ಕಾಗದವನ್ನು ತೋರಿಸಿ ಕೇಳಿ ಬರೆದುಕೊಳ್ಳಲಿ. ನೆರೆಯ ಹಿಂದೂ, ಮುಸ್ಲಿಂ ಬಾಂಧವರ ಮನೆಗಳಲ್ಲಿರುವ ಕಾಗದಗಳೂ ಇದೇ ಚರಿತ್ರೆಯ ಭಾಗವೆಂಬುದನ್ನು ಮರೆಯದಿರಲಿ. ಮುಳುಗಡೆಯ ನೀರು ಯಾರ ಜಾತಿಯನ್ನೂ ಕೇಳಿರಲಿಲ್ಲ.

ಅರಣ್ಯದಲ್ಲಿ ಐದು ರೊಟ್ಟಿಗಳಿಂದ ಜನಸಮೂಹವನ್ನು ತೃಪ್ತಿಪಡಿಸಿದ ಮೇಲೆ ಪ್ರಭು ಯೇಸು ಶಿಷ್ಯರಿಗೆ ಕೊಟ್ಟ ಅಪ್ಪಣೆಯನ್ನು ಸಂತ ಯೋವಾನ್ನರು ದಾಖಲಿಸಿದ್ದಾರೆ. ಎಲ್ಲರೂ ಉಂಡಾಗಿತ್ತು, ಅದ್ಭುತ ನಡೆದಾಗಿತ್ತು. ಆದರೂ ಉಳಿದ ತುಣುಕುಗಳನ್ನು ಕೂಡಿಸಿಡಬೇಕೆಂದು ಪ್ರಭು ಬಯಸಿದರು. ಹನ್ನೆರಡು ಬುಟ್ಟಿಗಳು ತುಂಬಿದವು. ನೂರು ವರ್ಷಗಳ ಹಬ್ಬವನ್ನು ಉಂಡ ನಮ್ಮ ಮುಂದೆಯೂ ತುಣುಕುಗಳು ಹರಡಿಕೊಂಡಿವೆ. ಬುಟ್ಟಿಯನ್ನು ಹಿಡಿದುಕೊಂಡು ಹೊರಡುವ ಕೆಲಸ ನಮ್ಮದು.